ಒಂದು ಹನಿ ರಕ್ತ, ಒಂದು ಚೀಲ ಜೋಳ



ಈ ಸಲ ಒಂದು ಉದ್ದನೆಯ ಪದದಿಂದ ಶುರು ಮಾಡುತ್ತೇನೆ, ಓಡಿ ಹೋಗಬೇಡಿ. ‘ದ್ರವ್ಯರಾಶಿ ರೋಹಿತಮಾಪಕ’. ಲ್ಯಾಬಿನವರು ಇದಕ್ಕೆ ಮಾಸ್ ಸ್ಪೆಕ್ಟ್ರೋಮೀಟರ್ ಅನ್ನುತ್ತಾರೆ. ನಾನು ಟಿ.ಸಿ.ಎಚ್. ಮುಗಿಸಿ ಆಮೇಲೆ ಇತಿಹಾಸ ತಗೊಂಡು ಬಿ.ಎ. ಮಾಡಿಕೊಂಡವನು. ಕರಿಹಲಗೆ ಮೇಲೆ ಬಹಮನಿ ಸುಲ್ತಾನರ ಪಟ್ಟಿ ಬರೆ ಅಂದರೆ ಬರೆದೇನು. ಈ ಯಂತ್ರದ ಬಗ್ಗೆ ಬರೆಯಲು ನಿಮಗೇನು ಅಧಿಕಾರ ಸರ್ ಅಂತ ನೀವು ಕೇಳಬಹುದು. ಅಧಿಕಾರ ಏನೂ ಇಲ್ಲ. ಕಾರಣ ಇದೆ, ಅದೂ ಎರಡು.

ಮೊದಲನೆಯದು ನಿಮಗೆಲ್ಲ ಗೊತ್ತಿರುವಂಥದ್ದೇ. ನಮ್ಮದು ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿ. ಊರಿನ ಬೋರ್ಡು ಮರಾಠಿ, ಮನೆಯ ಮಾತು ಕನ್ನಡ, ಪಾಠದ ಪುಸ್ತಕ ಪುಣೆಯ ಬಾಲಭಾರತಿಯ ಕನ್ನಡ ಪುಸ್ತಕ. ಪ್ರತಿ ಜೂನಿನಲ್ಲಿ ಮಕ್ಕಳ ಹೆಸರು ಹಚ್ಚಲು ಮನೆ ಮನೆ ತಿರುಗುವಾಗ ಒಬ್ಬರಾದರೂ ತಂದೆ ಕೇಳಿಯೇ ಕೇಳುತ್ತಾರೆ: “ಸರ, ಕನ್ನಡದಾಗ ಓದಿದ್ರ ಮುಂದ ಸೈನ್ಸ್ ತಲಿಗೆ ಹತ್ತತದೇನ್ರಿ?” ಈ ಪ್ರಶ್ನೆಗೆ ಭಾಷಣದ ಉತ್ತರ ಸಾಕಷ್ಟಿವೆ. ನನಗೆ ಬೇಕಾಗಿದ್ದು ತೋರಿಸುವ ಉತ್ತರ.

ಎರಡನೆಯ ಕಾರಣ ಏಳನೇ ತರಗತಿಯ ಒಬ್ಬ ಹುಡುಗಿ. ಆರೋಗ್ಯ ತಪಾಸಣೆಯ ದಿನ ತೂಕದ ಕಾಟಾ ಪಡಸಾಲೆಯಲ್ಲಿತ್ತು, ಮಕ್ಕಳು ಸಾಲಾಗಿ ನಿಂತಿದ್ದರು. ಅವಳ ಹಿಂದೆ ನಿಂತ ಯಾರೋ ಮುಳ್ಳು ನೋಡಿ ಮರಾಠಿಯಲ್ಲಿ ಜೋರಾಗಿ ಓದಿದರು: “ಅಠ್ಠಾವನ್!” ಐವತ್ತೆಂಟು ಕಿಲೋ. ಅವತ್ತಿನಿಂದ ಅದೇ ಅವಳ ಹೆಸರು. ನೀರಿನ ನಳದ ಹತ್ತಿರ ಅಠ್ಠಾವನ್, ಕಬಡ್ಡಿ ಅಂಕಣದಲ್ಲಿ ಅಠ್ಠಾವನ್. ‘ಡುಮ್ಮಿ’ ಅಂತ ಕರೆದಿದ್ದರೆ ಕರೆದ ಹುಡುಗರನ್ನು ಬೈಯಬಹುದಿತ್ತು. ಅಂಕಿಗೆ ಏನಂತ ಬೈಯುವುದು? ಎರಡು ವಾರದೊಳಗೆ ಅಡುಗೆಯ ಅಕ್ಕ ಬಂದು ನನಗೆ ಹೇಳಿದಳು: “ಸರ, ಆ ಹುಡುಗಿ ಖಿಚಡಿಗೆ ಕುಂದ್ರಾದು ಬಿಟ್ಟಾಳ್ರಿ. ಹೊಟ್ಟಿ ನೋವು ಅಂತಾಳ.”

ಹೀಗಿರುವಾಗ ದೀಪಾವಳಿ ಸೂಟಿಗೆ ನಮ್ಮ ಹಳೇ ವಿದ್ಯಾರ್ಥಿನಿಯೊಬ್ಬಳು ಊರಿಗೆ ಬಂದಳು. ಏಳನೆಯವರೆಗೆ ನಮ್ಮ ಶಾಲೆ, ಹೈಸ್ಕೂಲು ಅಕ್ಕಲಕೋಟ, ಕಾಲೇಜು ಸೋಲಾಪುರ, ಈಗ ಪುಣೆಯ ಒಂದು ಲ್ಯಾಬಿನಲ್ಲಿ ಕೆಲಸ. ಹೆಸರು ಹಾಕಬೇಡಿ ಸರ್ ಅಂದಿದ್ದಾಳೆ, ಹಾಕುವುದಿಲ್ಲ. ಏನು ಕೆಲಸವಮ್ಮಾ ಅಂದರೆ, “ದಪ್ಪ ಇರೋರ ರಕ್ತದಾಗಿನ ಪ್ರೋಟೀನ್ ಅಳಿಯೋದು ಸರ್” ಅಂದಳು. ನನ್ನ ಕಿವಿ ನೆಟ್ಟಗಾದವು. ಶಾಲೆ ತೆರೆದ ಮೊದಲ ಶನಿವಾರ ಒಂದು ತಾಸು ಮಕ್ಕಳ ಜೊತೆ ಕೂತು ಮಾತಾಡು ಅಂತ ಕೇಳಿಕೊಂಡೆ. ಒಂದು ತಾಸು ಅಂದದ್ದು ಮೂರು ತಾಸಾಯಿತು. ಅವಳು ಹೇಳಿದ್ದರಲ್ಲಿ ನನ್ನ ಬುದ್ಧಿಗೆ ನಿಲುಕಿದ್ದನ್ನು, ಆಮೇಲೆ ಓದಿ ಖಾತ್ರಿ ಮಾಡಿಕೊಂಡಿದ್ದನ್ನು ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೊಬ್ಬಿನ ಮಾತು. ನಾವೆಲ್ಲ ಕೊಬ್ಬು ಅಂದರೆ ಹಗೇವಿನಲ್ಲಿ ತುಂಬಿಟ್ಟ ಕಾಳು ಅಂತ ತಿಳಿದಿದ್ದೇವೆ. ಹೆಚ್ಚಾದದ್ದು ಒಳಗೆ ಹೋಗುತ್ತದೆ, ಬೇಕಾದಾಗ ಹೊರಗೆ ಬರುತ್ತದೆ, ನಡುವೆ ಸುಮ್ಮನೆ ಬಿದ್ದಿರುತ್ತದೆ. ಆದರೆ ಕೊಬ್ಬಿನ ಕೋಶಗಳು ಸುಮ್ಮನೆ ಬಿದ್ದಿರುವುದಿಲ್ಲ, ರಕ್ತದ ಮೂಲಕ ಮೆದುಳಿಗೂ ಪಿತ್ತಜನಕಾಂಗಕ್ಕೂ ಕಾಗದ ಬರೆಯುತ್ತಿರುತ್ತವೆ. ಆ ಕಾಗದಗಳೇ ಪ್ರೋಟೀನುಗಳು.

ಇದು ಗೊತ್ತಾದ ಕಥೆ ಶುರುವಾಗುವುದು ಒಂದು ಇಲಿಯಿಂದ. 1949ರಲ್ಲಿ ಅಮೆರಿಕದ ಜಾಕ್ಸನ್ ಲ್ಯಾಬೊರೇಟರಿಯಲ್ಲಿ ವಿಪರೀತ ದಪ್ಪಗಾಗುವ ಇಲಿಗಳು ಹುಟ್ಟಿದವು. ಎಷ್ಟು ತಿಂದರೂ ಅವುಗಳ ಹಸಿವು ಇಂಗುತ್ತಿರಲಿಲ್ಲ. ಮುಂದೆ ಅದೇ ಸಂಸ್ಥೆಯ ಡಗ್ಲಸ್ ಕೋಲ್ಮನ್ ಎಂಬ ವಿಜ್ಞಾನಿ ಇಂಥ ಇಲಿಯ ರಕ್ತಸಂಚಾರವನ್ನು ಸಾಮಾನ್ಯ ಇಲಿಯ ಜೊತೆ ಕೂಡಿಸಿ ನೋಡಿದ. ದಪ್ಪ ಇಲಿ ತಿನ್ನುವುದು ಕಡಿಮೆ ಮಾಡಿತು! ಅಂದರೆ ‘ಸಾಕು’ ಅನ್ನುವ ಸಂದೇಶವೊಂದು ರಕ್ತದಲ್ಲಿ ಹರಿಯುತ್ತದೆ, ಈ ಇಲಿಯಲ್ಲಿ ಅದು ಇಲ್ಲ. ಆ ಸಂದೇಶ ಯಾವುದು ಅಂತ 1994ರಲ್ಲಿ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು ಹಿಡಿದರು. ಗ್ರೀಕಿನಲ್ಲಿ ‘ಲೆಪ್ಟೋಸ್’ ಅಂದರೆ ತೆಳು, ಅದರಿಂದ ಆ ಪ್ರೋಟೀನಿಗೆ ಲೆಪ್ಟಿನ್ ಅಂತ ಹೆಸರಾಯಿತು.

1997ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್ ವೈದ್ಯರು, ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಇಬ್ಬರು ಮಕ್ಕಳ ಬಗ್ಗೆ ಬರೆದರು. ಅವರಲ್ಲಿ ಒಬ್ಬ ಹುಡುಗಿ ಒಂಬತ್ತು ವರ್ಷಕ್ಕೆ 94 ಕಿಲೋ ಇದ್ದಳು. ಲೆಪ್ಟಿನ್ ಚುಚ್ಚುಮದ್ದು ಶುರು ಮಾಡಿದ ಮೇಲೆ ಒಂದೇ ವರ್ಷದಲ್ಲಿ 16 ಕಿಲೋ ಇಳಿದಳು. ಅಲ್ಲಿಯವರೆಗೆ ಆ ಮಗು ‘ಬಾಯಿ ಕಟ್ಟಲಾರದ ಹುಡುಗಿ’ ಅಂತ ಎಷ್ಟು ಜನರಿಂದ ಅನ್ನಿಸಿಕೊಂಡಿರಬಹುದು, ನೀವೇ ಯೋಚಿಸಿ. ಅವಳ ಬಾಯಿಯ ತಪ್ಪು ಏನೂ ಇರಲಿಲ್ಲ. ರಕ್ತದಲ್ಲಿ ಒಂದು ಕಾಗದ ಬರುತ್ತಿರಲಿಲ್ಲ, ಅಷ್ಟೇ.

ಇಲ್ಲಿಗೇ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದ ಹಾಗಾಗುತ್ತದೆ. ಇಂಥ ಮಕ್ಕಳು ಬಹಳ ಬಹಳ ಅಪರೂಪ. ದಪ್ಪ ಇರುವ ಹೆಚ್ಚಿನವರ ರಕ್ತದಲ್ಲಿ ಲೆಪ್ಟಿನ್ ಕಡಿಮೆ ಇರುವುದಿಲ್ಲ, ಹೆಚ್ಚೇ ಇರುತ್ತದೆ. ಕಾಗದ ಬರುತ್ತದೆ, ಮೆದುಳು ಅದನ್ನು ಸರಿಯಾಗಿ ಓದುವುದಿಲ್ಲ. ಅದಕ್ಕೇ ಲೆಪ್ಟಿನ್ ಎಲ್ಲರಿಗೂ ಔಷಧ ಆಗಲಿಲ್ಲ. ಅಡಿಪೊನೆಕ್ಟಿನ್ ಅನ್ನುವ ಇನ್ನೊಂದು ಪ್ರೋಟೀನು ತಿರುಗಾಮುರುಗಾ: ಅದನ್ನು ಮಾಡುವುದು ಕೊಬ್ಬಿನ ಕೋಶಗಳೇ, ಆದರೂ ಕೊಬ್ಬು ಹೆಚ್ಚಾದಷ್ಟೂ ರಕ್ತದಲ್ಲಿ ಅದು ಇಳಿಯುತ್ತದೆ. ದೇಹದೊಳಗೆ ಉರಿಯೂತ ಇದ್ದಾಗ ಏರುವ ಸಿ-ರಿಯಾಕ್ಟಿವ್ ಪ್ರೋಟೀನು ಸ್ಥೂಲಕಾಯದವರಲ್ಲಿ ಸಾಮಾನ್ಯವಾಗಿ ಸ್ವಲ್ಪ ಏರಿರುತ್ತದೆ. ಹೀಗೆ ಒಂದಲ್ಲ ಎರಡಲ್ಲ, ಹತ್ತಾರು. ಅವನ್ನೆಲ್ಲ ಒಟ್ಟಿಗೆ ಅಳೆಯಬೇಕು.

ಅಳೆಯುವುದು ಹೇಗೆ? ಇಲ್ಲಿ ನಮ್ಮ ಹುಡುಗಿ ಮಕ್ಕಳನ್ನು ಕೇಳಿದಳು: “ರಾಶಿ ಮಾಡುವಾಗ ಗಾಳಿಗೆ ಯಾಕ ತೂರ್ತಾರ?” ರೈತರ ಮಕ್ಕಳಿಗೆ ಇದು ಪ್ರಶ್ನೆಯೇ? “ಹೊಟ್ಟು ಹಗರ, ದೂರ ಹೋಗ್ತದ. ಕಾಳು ವಜ್ಜಿ, ಕಾಲಾಗ ಬೀಳ್ತದ.” ಅಷ್ಟೇ ನೋಡಿ ಮಾಸ್ ಸ್ಪೆಕ್ಟ್ರೋಮೀಟರು. ಕಣಗಳಿಗೆ ವಿದ್ಯುದಂಶ ಕೊಟ್ಟು, ಗಾಳಿಯನ್ನೆಲ್ಲ ಹೀರಿ ತೆಗೆದ ನಳಿಗೆಯಲ್ಲಿ ಹಾರಿಸುತ್ತಾರೆ. ಗಾಳಿಯ ಕೆಲಸವನ್ನು ಅಯಸ್ಕಾಂತವೋ ವಿದ್ಯುತ್ ಕ್ಷೇತ್ರವೋ ಮಾಡುತ್ತದೆ. ಇನ್ನೊಂದು ತರಹದ ಯಂತ್ರದಲ್ಲಿ ಓಟದ ಪಂದ್ಯ ಇರುತ್ತದೆ. ಎಲ್ಲ ಕಣಗಳಿಗೂ ಒಂದೇ ಸಮನಾದ ನೂಕು ಕೊಟ್ಟರೆ ಹಗುರಾದದ್ದು ಮೊದಲು ಗೆರೆ ಮುಟ್ಟುತ್ತದೆ, ನಾಲ್ಕು ಪಟ್ಟು ಭಾರ ಇದ್ದದ್ದು ಎರಡು ಪಟ್ಟು ಹೊತ್ತು ತಗೊಳ್ಳುತ್ತದೆ. ತಲುಪಿದ ಹೊತ್ತಿನಿಂದ ತೂಕ ಲೆಕ್ಕ ಹಾಕುತ್ತಾರೆ.

ಈ ವಿದ್ಯೆ ಹಳೆಯದು. ಫ್ರಾನ್ಸಿಸ್ ಆಸ್ಟನ್ ಇದರಿಂದ ಪರಮಾಣುಗಳನ್ನು ತೂಗಿ 1922ರಲ್ಲಿ ನೊಬೆಲ್ ಪಡೆದ. ಆದರೆ ಪ್ರೋಟೀನು ಅಂದರೆ ಪರಮಾಣುವಿನ ಮುಂದೆ ಆನೆ. ಹಾರಿಸಲು ಹೋದರೆ ಪುಡಿಪುಡಿ ಆಗುತ್ತಿತ್ತು. ಆನೆಗೆ ರೆಕ್ಕೆ ಕಟ್ಟುವ ದಾರಿಯನ್ನು 1980ರ ದಶಕದಲ್ಲಿ ಬೇರೆ ಬೇರೆ ಕಡೆ ಕಂಡುಹಿಡಿದರು. ಅಮೆರಿಕದ ಜಾನ್ ಫೆನ್ ಪ್ರೋಟೀನು ಕರಗಿದ ದ್ರಾವಣವನ್ನು ವಿದ್ಯುತ್ ಒತ್ತಡದಲ್ಲಿ ಸಣ್ಣ ಹನಿಗಳಾಗಿ ಸಿಂಪಡಿಸಿದ. ಹನಿ ಆರಿದ ಮೇಲೆ ಪ್ರೋಟೀನು ಇಡಿಯಾಗಿ ಗಾಳಿಯಲ್ಲಿ ಉಳಿಯಿತು.

ಇನ್ನೊಬ್ಬನ ಕಥೆ ನನ್ನಂಥವನಿಗೆ ಬಹಳ ಹಿಡಿಸಿತು. ಕೊಯಿಚಿ ತನಕ, ಜಪಾನಿನ ಶಿಮಾಡ್ಜು ಕಂಪನಿಯ ಇಂಜಿನಿಯರು. ಪಿಎಚ್‌ಡಿ ಇಲ್ಲ, ಎಂ.ಎಸ್ಸಿ. ಇಲ್ಲ, ಒಂದೇ ಒಂದು ಪದವಿ, ಅದೂ ವಿದ್ಯುತ್ ಇಂಜಿನಿಯರಿಂಗಿನಲ್ಲಿ. ಲೋಹದ ನುಣ್ಣನೆಯ ಪುಡಿಗೆ ಬೆರೆಸಬೇಕಾದ ದ್ರವದ ಬದಲು ಒಂದು ದಿನ ಕೈತಪ್ಪಿ ಗ್ಲಿಸರಿನ್ ಬೆರೆಸಿಬಿಟ್ಟ. ಚೆಲ್ಲಿದರೆ ದಂಡ ಅಂತ ಅದನ್ನೇ ಬಳಸಿ ಲೇಸರ್ ಬಿಟ್ಟು ನೋಡಿದ. ದೊಡ್ಡ ಅಣುಗಳು ಒಡೆಯದೆ ಎದ್ದು ಹಾರಿದವು. 2002ರಲ್ಲಿ ಫೆನ್ ಜೊತೆ ಅವನಿಗೂ ರಸಾಯನಶಾಸ್ತ್ರದ ನೊಬೆಲ್ ಬಂತು, ಆಗ ಅವನಿಗೆ 43 ವರ್ಷ. ನಮ್ಮ ಮನೆಗಳಲ್ಲಿ ಉಳಿದ ರೊಟ್ಟಿಯನ್ನೂ ಚೆಲ್ಲದೆ ಒಗ್ಗರಣೆ ಹಾಕುತ್ತಾರಲ್ಲ, ಆ ತಾಯಂದಿರಿಗೆ ಈ ಕಥೆ ಹೇಳಬೇಕು!

ಈಗ ರಕ್ತಕ್ಕೆ ಬರೋಣ. ಪ್ರೋಟೀನು ಅಂದರೆ ಅಮೈನೋ ಆಮ್ಲಗಳ ಉದ್ದನೆಯ ಸರ. ಇಡೀ ಸರ ತೂಗುವುದಕ್ಕಿಂತ ಅದನ್ನು ತುಂಡು ಮಾಡಿ ತೂಗುವುದು ಸುಲಭ. ಆದರೆ ಕಂಡ ಕಂಡಲ್ಲಿ ಕತ್ತರಿಸಬಾರದು. ಕಬ್ಬನ್ನು ಗೆಣ್ಣಿಗೆ ಸರಿಯಾಗಿ ಕಡಿಯುವ ಹಾಗೆ ಟ್ರಿಪ್ಸಿನ್ ಅನ್ನುವ ಕಿಣ್ವ ಲೈಸಿನ್ ಮತ್ತು ಆರ್ಜಿನಿನ್ ಎಂಬ ಎರಡು ಅಮೈನೋ ಆಮ್ಲಗಳ ಮುಂದೆ ಮಾತ್ರ ಕಡಿಯುತ್ತದೆ. ಇದು ನಮ್ಮ ಕರುಳಿನಲ್ಲಿ ಅನ್ನ ಬೇಳೆ ಅರಗಿಸುವ ಅದೇ ಟ್ರಿಪ್ಸಿನ್. ತುಂಡಿನ ತೂಕ ನೋಡಿ, ಅದನ್ನು ಇನ್ನೊಮ್ಮೆ ಮುರಿದು ನೋಡಿ, ಅದು ಯಾವ ಪ್ರೋಟೀನಿನದು ಅಂತ ಹೇಳುತ್ತಾರೆ. ಪುಸ್ತಕದ ಹರಿದ ಹಾಳೆಯ ಎರಡು ಸಾಲು ಓದಿ ‘ಇದು ಐದನೇತ್ತೆ ಪರಿಸರ ಪಾಠ’ ಅಂತ ನಾವು ಹೇಳುವುದಿಲ್ಲವೇ, ಹಾಗೆ.

ಇದರಲ್ಲಿ ದೊಡ್ಡ ತೊಡಕು ಒಂದಿದೆ. ರಕ್ತದ ಪ್ರೋಟೀನಿನಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಬುಮಿನ್ ಒಂದೇ. ರಕ್ತದ್ರವದ ಒಂದು ಮಿಲಿಲೀಟರಿನಲ್ಲಿ ಅಲ್ಬುಮಿನ್ ಸುಮಾರು 40 ಮಿಲಿಗ್ರಾಂ ಇದ್ದರೆ ಲೆಪ್ಟಿನ್ 10 ನ್ಯಾನೊಗ್ರಾಂ ಆಸುಪಾಸು. 40 ಲಕ್ಷಕ್ಕೆ ಒಂದು. ನಾನು ಅಲ್ಲೇ ಲೆಕ್ಕ ಹಾಕಿ ಹಲಗೆ ಮೇಲೆ ಬರೆದೆ: ಸಾವಿರ ಜೋಳದ ಕಾಳು ಸುಮಾರು 30 ಗ್ರಾಂ ತೂಗಿದರೆ, 40 ಲಕ್ಷ ಕಾಳು 120 ಕಿಲೋ. ಒಂದು ಕ್ವಿಂಟಾಲ್ ಚೀಲಕ್ಕೂ ಮೇಲೆ. ಅಷ್ಟು ಜೋಳದಲ್ಲಿ ಒಂದೇ ಒಂದು ಕಾಳು ಹುಡುಕಬೇಕು. ಅದಕ್ಕೇ ಲೆಪ್ಟಿನ್ನಿನಂಥ ಕಡಿಮೆ ಪ್ರಮಾಣದ ಪ್ರೋಟೀನುಗಳನ್ನು ಇವತ್ತಿಗೂ ಹೆಚ್ಚಾಗಿ ಪ್ರತಿಕಾಯಗಳನ್ನು ಬಳಸುವ ಎಲೈಸಾ ಪರೀಕ್ಷೆಯಿಂದಲೇ ಅಳೆಯುತ್ತಾರಂತೆ. ಅಡಿಪೊನೆಕ್ಟಿನ್ ಸಾವಿರ ಪಟ್ಟಿನ ಆಸುಪಾಸು ಹೆಚ್ಚಿರುವುದರಿಂದ ಯಂತ್ರದ ಕಣ್ಣಿಗೆ ಸುಲಭವಾಗಿ ಬೀಳುತ್ತದೆ. ಎಲೈಸಾದಲ್ಲಿ ಸಾಮಾನ್ಯವಾಗಿ ಒಂದೊಂದಾಗಿ ಹುಡುಕಬೇಕು, ಕೆಲವೊಮ್ಮೆ ಪ್ರತಿಕಾಯ ಬೇರೆಯದನ್ನೇ ಹಿಡಿದುಕೊಳ್ಳುವುದೂ ಉಂಟು. ಯಂತ್ರದಲ್ಲಿ ನೂರಾರನ್ನು ಒಂದೇ ಸಲಕ್ಕೆ ನೋಡಬಹುದು.

ಇದೆ ಅಂತ ಕಂಡರೆ ಸಾಲದು, ಎಷ್ಟಿದೆ? ಇದಕ್ಕೆ ಅವಳು ಮಾಡಿಸಿದ ಚಟುವಟಿಕೆಯನ್ನು ನಿಮ್ಮ ಶಾಲೆಯಲ್ಲೂ ಮಾಡಿಸಿ. ಡಬ್ಬಿಯೊಂದರಲ್ಲಿ ಎಣಿಸದೆ ಜೋಳ ತುಂಬಿದ್ದಳು. ಅದಕ್ಕೆ ಅರಿಶಿನ ಹಚ್ಚಿದ ನೂರು ಕಾಳು ಎಣಿಸಿ ಹಾಕಿ ಚೆನ್ನಾಗಿ ಕಲಸಿದಳು. ಒಬ್ಬ ಹುಡುಗ ಒಂದು ಚಮಚ ತೆಗೆದು ಎಣಿಸಿದ: ಹಳದಿ 9, ಬಿಳಿ 180. ಹಳದಿಗಿಂತ ಬಿಳಿ ಇಪ್ಪತ್ತು ಪಟ್ಟು. ಹಳದಿ ಒಟ್ಟು ನೂರು ಇರುವುದರಿಂದ ಬಿಳಿ ಎರಡು ಸಾವಿರ ಇರಬೇಕು. ಆಮೇಲೆ ನಾಲ್ಕು ಗುಂಪು ಮಾಡಿ ಡಬ್ಬಿ ಸುರಿದು ಎಲ್ಲಾ ಎಣಿಸಿದರು. 1,912! ಮಕ್ಕಳು ಕುಣಿದಾಡಿಬಿಟ್ಟರು.

ಲ್ಯಾಬಿನಲ್ಲೂ ಇದೇ ಯುಕ್ತಿ. ಅಳೆಯಬೇಕಾದ ತುಂಡಿನ ತದ್ರೂಪನ್ನು ಭಾರದ ಇಂಗಾಲ, ಭಾರದ ಸಾರಜನಕ ಬಳಸಿ ಮಾಡುತ್ತಾರೆ. ಗುಣದಲ್ಲಿ ಅದೇ, ತೂಕದಲ್ಲಿ ಎಂಟೋ ಹತ್ತೋ ಏಕಮಾನ ಜಾಸ್ತಿ. ಅದನ್ನು ಗೊತ್ತಿರುವಷ್ಟು ಅಳೆದು ರಕ್ತದ ಮಾದರಿಗೆ ಬೆರೆಸುತ್ತಾರೆ. ಯಂತ್ರ ಎರಡನ್ನೂ ಅಕ್ಕಪಕ್ಕ ತೋರಿಸುತ್ತದೆ, ಅನುಪಾತದಿಂದ ಲೆಕ್ಕ ಸಿಗುತ್ತದೆ. ಅರಿಶಿನದ ಕಾಳು ಅಂದರೆ ಅದೇ. ಏಳನೇ ತರಗತಿಯ ಅನುಪಾತದ ಲೆಕ್ಕ ಎಲ್ಲಿ ಬಳಕೆಗೆ ಬರುತ್ತದೆ ಅಂತ ಯಾರಾದರೂ ಕೇಳಿದರೆ ಇನ್ನು ನನ್ನಲ್ಲಿ ಉತ್ತರ ಇದೆ.

ಇಷ್ಟೆಲ್ಲ ಅಳೆದು ಏನು ಸಿಕ್ಕಿತು? 2016ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ ಮತ್ತು ಕೋಪನ್‌ಹೇಗನ್ನಿನ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಸ್ಥೂಲಕಾಯದ 43 ಮಂದಿ ಎಂಟು ವಾರದಲ್ಲಿ ತಮ್ಮ ತೂಕದ ಶೇ. 12ರಷ್ಟು ಇಳಿಸಿ, ಒಂದು ವರ್ಷ ಅದನ್ನು ಕಾಪಾಡಿಕೊಂಡು ಬಂದರು. ಆ ಅವಧಿಯ ಅವರ ರಕ್ತದ ಮಾದರಿಗಳನ್ನು ಯಂತ್ರದಲ್ಲಿ ಒಟ್ಟು 1,294 ಸಲ ಅಳೆದರು. 93 ಪ್ರೋಟೀನುಗಳು ಗಮನಾರ್ಹವಾಗಿ ಬದಲಾಗಿದ್ದವು. ನನಗೆ ಹಿಡಿಸಿದ್ದು ಇನ್ನೊಂದು ಮಾತು: ಪ್ರತಿಯೊಬ್ಬರ ರಕ್ತಕ್ಕೂ ಅದರದ್ದೇ ಆದ ಮಟ್ಟಗಳಿವೆ. ಒಬ್ಬರನ್ನು ಇನ್ನೊಬ್ಬರ ಪಕ್ಕ ನಿಲ್ಲಿಸುವುದಕ್ಕಿಂತ ಅವರನ್ನು ಅವರದೇ ಹಿಂದಿನ ಲೆಕ್ಕದ ಪಕ್ಕ ನಿಲ್ಲಿಸಿದರೆ ಬದಲಾವಣೆ ಚೆನ್ನಾಗಿ ಕಾಣುತ್ತದೆ. ಮಕ್ಕಳ ಪ್ರಗತಿ ಪುಸ್ತಕ ಬರೆಯುವ ನಮಗೆ ಇದನ್ನು ಯಾರೂ ಹೊಸದಾಗಿ ಹೇಳಬೇಕಾಗಿಲ್ಲ.

ನಮ್ಮದೇ ರಾಜ್ಯದ ಒಂದು ಉದಾಹರಣೆಯನ್ನೂ ಅವಳು ಹೇಳಿದಳು. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಯಾಜ್ಞಿಕ್ ಅವರು 1993ರಿಂದ ಪುಣೆ ಸುತ್ತಲಿನ ಆರು ಹಳ್ಳಿಗಳ ತಾಯಂದಿರನ್ನೂ ಮಕ್ಕಳನ್ನೂ ಅಧ್ಯಯನ ಮಾಡಿದರು. ಅಲ್ಲಿ ಹುಟ್ಟಿದ ಕೂಸುಗಳ ಸರಾಸರಿ ತೂಕ ಸುಮಾರು 2.7 ಕಿಲೋ, ಇಂಗ್ಲೆಂಡಿನ ಕೂಸುಗಳದ್ದು 3.5 ಕಿಲೋ. ನೋಡಲು ನಮ್ಮವು ಸಣ್ಣ, ಆದರೆ ಸ್ನಾಯು ಕಡಿಮೆಯಾದಷ್ಟು ಕೊಬ್ಬು ಕಡಿಮೆ ಇರಲಿಲ್ಲ. 2004ರಲ್ಲಿ ಅವರು ಮತ್ತು ಇಂಗ್ಲೆಂಡಿನ ಡಾ. ಯುಡ್ಕಿನ್ ತಮ್ಮಿಬ್ಬರ ಫೋಟೋವನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಹಾಕಿದರು. ಇಬ್ಬರ ಬಿ.ಎಂ.ಐ. ಒಂದೇ, 22.3. ಮೈಯೊಳಗಿನ ಕೊಬ್ಬು ಮಾತ್ರ ಯುಡ್ಕಿನ್ನರದು ಶೇ. 9.1, ನಮ್ಮ ಯಾಜ್ಞಿಕರದು ಶೇ. 21.2! ಕಾಟಾ ಮೇಲೆ ನಿಂತಾಗ ಕಾಣುವ ಅಂಕಿ ಎಷ್ಟು ಕಡಿಮೆ ಹೇಳುತ್ತದೆ ನೋಡಿ. ಕಡ್ಡಿಯಂಥ ಹುಡುಗ ಆರೋಗ್ಯವಂತ ಅಂತಲೂ ಅಲ್ಲ, ದುಂಡಗಿನ ಹುಡುಗಿ ರೋಗಿ ಅಂತಲೂ ಅಲ್ಲ.

ಕೊನೆಗೆ, ಏನಾದರೂ ಕೇಳುವುದಿದ್ದರೆ ಕೇಳಿ ಅಂದಳು. ಸಂಬಳ ಎಷ್ಟು ಅಂತ ಒಬ್ಬ, ಮಷಿನ್ನಿಗೆ ಎಷ್ಟು ರೊಕ್ಕ ಅಂತ ಇನ್ನೊಬ್ಬ. ಆಮೇಲೆ ಹಿಂದಿನ ಸಾಲಿನಿಂದ ಅದೇ ಹುಡುಗಿ ಎದ್ದಳು. “ಅಕ್ಕಾ, ನನ್ನ ರಕ್ತ ಆ ಮಷಿನ್‌ನ್ಯಾಗ ಹಾಕಿದ್ರ ನಾ ಯಾಕ ದಪ್ಪ ಅದೀನಿ ಅಂತ ಹೇಳ್ತದೇನು?”

ವರ್ಗದಲ್ಲಿ ಯಾರೂ ನಗಲಿಲ್ಲ. ನಮ್ಮ ಹಳೇ ವಿದ್ಯಾರ್ಥಿನಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ಇಲ್ಲವ್ವ, ಹೇಳಂಗಿಲ್ಲ. ಭಾಳ ಮಂದಿದು ಕೂಡಿಸಿ ನೋಡಿದ್ರ ಒಂದಿಷ್ಟು ಹೇಳ್ತದ. ಒಬ್ಬರದ್ದು ನೋಡಿ ‘ಇದಕ್ಕs ಹಿಂಗ’ ಅಂತ ಹೇಳಾಕ ಅದಕ್ಕಿನ್ನೂ ಬರಂಗಿಲ್ಲ. ಅಷ್ಟು ದೊಡ್ಡ ಮಷಿನ್ನಿಗೇ ಬರಂಗಿಲ್ಲ ಅಂದ ಮ್ಯಾಲ, ಇಲ್ಲಿ ಬೆಂಚಿನ ಮ್ಯಾಲ ಕುಂತವರಿಗೆ ಹೆಂಗ ಬರ್ತದ?”

ಮಾತು ಯಾರಿಗೆ ತಾಗಬೇಕೋ ಅವರಿಗೆ ತಾಗಿತು. ಪವಾಡ ಏನೂ ಆಗಲಿಲ್ಲ ಮಿತ್ರರೇ, ಆ ಅಡ್ಡಹೆಸರು ಈಗಲೂ ಒಮ್ಮೊಮ್ಮೆ ಕಿವಿಗೆ ಬೀಳುತ್ತದೆ. ಆದರೆ ಸೋಮವಾರ ಅವಳು ತಟ್ಟೆ ಹಿಡಿದು ಖಿಚಡಿಗೆ ಕೂತಳು. ಅವಳ ತಾಯಿಯನ್ನು ಕರೆದು ಮಾತಾಡಿದೆವು, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ತೋರಿಸಿದರು. ಊಟ ಬಿಡಿಸಬೇಡಿ, ಕರಿದ ಪುಡಿಕೆ ತಿಂಡಿ ಬಿಡಿಸಿ, ಸಂಜೆ ಆಡಲು ಬಿಡಿ, ಹೊತ್ತಿಗೆ ಸರಿಯಾಗಿ ಮಲಗಿಸಿ ಅಂದಿದ್ದಾರೆ. ನಮ್ಮ ಕಾಟಾ ಈಗ ಆಫೀಸ್ ಖೋಲಿಯ ಒಳಗಿದೆ. ಒಬ್ಬೊಬ್ಬರನ್ನೇ ಕರೆದು ತೂಗಿ ಬರೆದುಕೊಳ್ಳುತ್ತೇವೆ, ಅಂಕಿಯನ್ನು ಜೋರಾಗಿ ಓದುವುದಿಲ್ಲ.

ಆ ಶನಿವಾರ ಜೂನ್ ತಿಂಗಳ ಪ್ರಶ್ನೆ ಕೇಳಿದ್ದ ತಂದೆಯೊಬ್ಬರೂ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದರು. ಸಣ್ಣ ಮಗನನ್ನು ಎಲ್ಲಿ ಹಾಕಬೇಕು ಅಂತ ಅವರು ಇನ್ನೂ ನಿರ್ಧಾರ ಮಾಡಿಲ್ಲ. ಆದರೆ ಹೋಗುವಾಗ, “ಸರ, ಹುಡುಗಿ ನಮ್ಮ ಮಾತಿನ್ಯಾಗs ಎಲ್ಲಾ ಹೇಳಿದ್ಲಲ್ರಿ” ಅಂದರು. ನನಗೆ ಸದ್ಯಕ್ಕೆ ಅಷ್ಟು ಸಾಕು.

ಜತ್ತದಲ್ಲಿರುವವರೇ, ಕಾಸರಗೋಡಿನವರೇ, ತಾಳವಾಡಿಯವರೇ, ನಿಮ್ಮ ಶಾಲೆಯಲ್ಲಿ ಓದಿ ಹೊರಗೆ ಹೋದವರು ಹಬ್ಬಕ್ಕೆ ಊರಿಗೆ ಬಂದೇ ಬರುತ್ತಾರೆ. ಸನ್ಮಾನ, ಶಾಲು, ತೆಂಗಿನಕಾಯಿ ಎಲ್ಲ ಆಮೇಲೆ. ಮೊದಲು ಒಂದು ತಾಸು ಮಕ್ಕಳ ಮುಂದೆ ಕೂರಿಸಿ, ಅವರು ದಿನಾ ಮಾಡುವ ಕೆಲಸವನ್ನು ಊರ ಮಾತಿನಲ್ಲಿ ಹೇಳಿಸಿ. ಹೇಗಾಯಿತು ಅಂತ ನನಗೂ ಬರೆದು ತಿಳಿಸಿ.

ಮತ್ತೆ, ಜೋಳದ ಚಟುವಟಿಕೆ ಮಾಡಿಸುವವರಿಗೆ ಒಂದು ಮಾತು: ಅರಿಶಿನಕ್ಕೆ ನೀರು ಕಡಿಮೆ ಹಾಕಿ, ಕಾಳನ್ನು ಹಿಂದಿನ ರಾತ್ರಿಯೇ ಆರಲು ಇಡಿ. ಹಸಿ ಇದ್ದರೆ ಬಿಳಿ ಕಾಳಿಗೂ ಬಣ್ಣ ಹತ್ತಿ ಲೆಕ್ಕ ಕೆಡುತ್ತದೆ.